ಕಾಗೆ ಮುಟ್ಟಿದ ಕುದುರೆ

ನಮ್ಮ ಕಡೆ ಹೆಂಗಸರಿಗೆ ತಿಂಗಳಿಗೊಮ್ಮೆ ಕಾಗೆ ಮುಟ್ಟುತ್ತದೆ. ಮುಟ್ಟಾದೆ ಅಂತ ಬಾಯಿಬಿಟ್ಟು ಹೇಳಬಾರದಲ್ಲ, ಅದಕ್ಕೇ ಪಾಪದ ಕಾಗೆಯ ಮೇಲೆ ಹಾಕುವುದು. ಮರಾಠಿ ಮನೆಗಳಲ್ಲೂ ಇದೇ ಮಾತು, ಕನ್ನಡ ಮನೆಗಳಲ್ಲೂ ಇದೇ ಮಾತು. ಯಾರು ಯಾರಿಂದ ಕಲಿತರೋ ದೇವರಿಗೇ ಗೊತ್ತು. ನಾನು ಸಣ್ಣವಳಿದ್ದಾಗ ಬೆಳಗಾವಿಯ ಶಹಾಪುರದ ನಮ್ಮ ಮನೆಯಲ್ಲಿ, ಮಗ್ಗದ ಖಟಖಟದ ನಡುವೆ, ಅಜ್ಜಿ ಒಮ್ಮೆ "ನಿಮ್ಮ ಚಿಗವ್ವಗ ಕಾಗಿ ಮುಟ್ಟೈತಿ, ಇವತ್ತ ಆಕಿನ್ನ ಕಾಡಬ್ಯಾಡ" ಅಂದಿದ್ದಳು. ನಾನು ಚಿಗವ್ವನ ಹಿಂದೆ ಹಿಂದೆ ಅಡ್ಡಾಡಿ, ಅವಳ ಹೆಗಲು, ಹೆರಳು, ಸೆರಗು ಎಲ್ಲ ತಡಕಿ, ಕಾಗೆ ಎಲ್ಲಿ ಕುಕ್ಕಿದೆ ಅಂತ ಹುಡುಕಿದ್ದೆ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಇದರಲ್ಲಿ ನನಗೆ ಇವತ್ತಿಗೂ ಸಿಟ್ಟು ಬರುವ ಸಂಗತಿ ಒಂದಿದೆ. ನಾವು ಲಿಂಗ ಕಟ್ಟಿಕೊಂಡ ಮಂದಿ. ನಮ್ಮ ಮನೆಗಳಲ್ಲಿ ಮುಟ್ಟಿನ ಮೈಲಿಗೆ ಇಲ್ಲ. ಆ ದಿನಗಳಲ್ಲೂ ರೊಟ್ಟಿ ಬಡಿಯುತ್ತೇವೆ, ಪೂಜೆ ಮಾಡಿಕೊಳ್ಳುತ್ತೇವೆ, ಯಾರೂ ನಮ್ಮನ್ನು ಮೂಲೆಗೆ ಕೂಡಿಸುವುದಿಲ್ಲ. ಹಾಗಿದ್ದ ಮೇಲೆ ಆ ಮಾತಿಗೇಕೆ ಅಷ್ಟು ನಾಚಬೇಕು? ನಾಚುತ್ತಿದ್ದೆವು. ನಾನಂತೂ ಎಲ್ಲರಿಗಿಂತ ಒಂದು ಕೈ ಹೆಚ್ಚು ನಾಚುತ್ತಿದ್ದೆ.

ಎಂಬತ್ತರ ದಶಕದಲ್ಲಿ ನನ್ನನ್ನು ಖಾನಾಪುರಕ್ಕೆ ಕೊಟ್ಟರು. ಮಾವ ಸಂತೆ ವ್ಯಾಪಾರಿ. ಶಹಾಪುರದ ಮಗ್ಗದ ಸೀರೆ ಕೊಂಡು, ಕುದುರೆಯ ಬೆನ್ನಿಗೆ ಎರಡೂ ಬದಿ ಗಂಟು ಹೇರಿ, ಗುಂಜಿಯ ಆಚೆ ಕಾಡಂಚಿನ ಹಳ್ಳಿಗಳಿಗೆ ಹೋಗಿ ಮಾರಿ ಬರುತ್ತಿದ್ದರು. ನಮ್ಮಪ್ಪ ನೇಯ್ದ ಸೀರೆಗಳೂ ಆ ಗಂಟಿನಲ್ಲಿರುತ್ತಿದ್ದವು. ಸಂಬಂಧ ಕುದುರಿದ್ದೂ ಹಾಗೇ. ನಾನು ಬರುವ ಹೊತ್ತಿಗೆ ಆ ಹಳ್ಳಿಗಳಿಗೆ ಬಸ್ಸು ಓಡತೊಡಗಿತ್ತು. ಹೆಂಗಸರು ತಾವೇ ಪೇಟೆಗೆ ಬಂದು ನೈಲಾನ್ ಸೀರೆ ಕೊಳ್ಳುತ್ತಿದ್ದರು. ನನ್ನ ಗಂಡ ಅದೇ ಬಸ್ಸಿನ ಕಂಡಕ್ಟರ್! "ನನ್ನ ವ್ಯಾಪಾರ ಮುಳಗಿಸಿದಾಂವ ನನ್ನ ಹೊಟ್ಟ್ಯಾಗ ಹುಟ್ಟಿದಾಂವನ" ಅಂತ ಮಾವ ಚಾಷ್ಟಿ ಮಾಡುತ್ತಿದ್ದರು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಹೆಂಗಸು ಅಂತ ಇದ್ದವರು ನಾನು ಮತ್ತು ಆ ಕುದುರೆ, ಇಬ್ಬರೇ.

ಕೆಂಪು ಬಣ್ಣದ ಹೆಣ್ಣು ಕುದುರೆ. ಮಾವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಶನ್ ಅಂದರೆ ಮೈಲಿ ದೂರ ಓಡುತ್ತಿದ್ದರು. ಕುದುರೆ ಹತ್ತಿದರೆ ಸಾಕು, ಅದೇ ದಾರಿ ಹಿಡಿದು ಗುಂಜಿಗೆ ಒಯ್ದು, ಅದೇ ತಿರುಗಿ ಮನೆಗೆ ತಂದು ಬಿಡುತ್ತಿತ್ತು. ವ್ಯಾಪಾರ ನೆಪಕ್ಕೆ. ಹಳೆಯ ಗಿರಾಕಿ ಮನೆಗಳ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಊರ ಸುದ್ದಿ ಕೇಳಿ ಬರದಿದ್ದರೆ ಅವರಿಗೆ ಉಂಡದ್ದು ಕರಗುತ್ತಿರಲಿಲ್ಲ. ಆದರೆ ಕುದುರೆಗೂ ವಯಸ್ಸಾಗಿತ್ತು. ಹಿಂದೆ ಗಬ್ಬ ನಿಂತು, ದಿನ ತುಂಬುವ ಮೊದಲೇ ಕಂದು ಹಾಕಿತ್ತು. ಈಗ ಮತ್ತೆ ಗಬ್ಬವಾಗಿತ್ತು, ಇದೇ ಕಡೆಯದು ಅಂತ ಎಲ್ಲರಿಗೂ ಗೊತ್ತಿತ್ತು.

"ಇದರ ಹೊಟ್ಟೀಲೆ ಒಂದ ಮರಿ ಉಳದ್ರ ಸಾಕ ತಂಗಿ," ಅನ್ನುತ್ತಿದ್ದರು ಮಾವ. ನನ್ನನ್ನು ಅವರು ಕರೆಯುತ್ತಿದ್ದದ್ದೇ ತಂಗಿ ಅಂತ. "ತಾಯಿ ಬಾಜೂಕ ನಡದ ದಾರಿ ಕಲೀತೈತಿ. ಆಮ್ಯಾಲ ನನ್ನ ಕಣ್ಣ ಪೂರಾ ಹೋದ್ರೂ ನಾ ಮನ್ಯಾಗ ಕುಂದ್ರೂದಿಲ್ಲ."

ಕುದುರೆಯ ಚಾಕರಿ ನನ್ನದಾಗಿತ್ತು. ಕುದುರೆಗೆ ಹನ್ನೊಂದು ತಿಂಗಳ ಗಬ್ಬ. ಎಂಟನೆಯ ತಿಂಗಳಿನ ಒಂದು ಮುಂಜಾನೆ ಬಾಲ ತೊಳೆಯಲು ಹೋದಾಗ ಕೂದಲು ಗಂಟುಗಟ್ಟಿ ಅಂಟಿಕೊಂಡಿತ್ತು. ಬಿಡಿಸಿ ನೋಡಿದೆ. ರಕ್ತ ಬೆರೆತ ಕೀವು. ತೊಡೆಯ ಒಳಬದಿಗೂ ಇಳಿದು ಒಣಗಿತ್ತು. ಮಾವನ ಕಣ್ಣಿಗೆ ಅದು ಕಾಣುವ ಹಾಗಿರಲಿಲ್ಲ, ಗಂಡ ಡ್ಯೂಟಿಯ ಮೇಲೆ ಹೋಗಿದ್ದ. ಕಂಡವಳು ನಾನೊಬ್ಬಳೇ.

ಮದುವೆಯಾದ ಮರುವರ್ಷ ನನಗೂ ಹೀಗೇ ಆಗಿತ್ತು. ಬಸಿರು ನಿಂತಿತ್ತು, ಆದರೆ ಗಟ್ಟಿಯಾಗಲಿ, ಆಮೇಲೆ ಹೇಳಿದರಾಯಿತು ಅಂತ ಗಂಡನಿಗೂ ಹೇಳಿರಲಿಲ್ಲ. ಮೂರನೆಯ ತಿಂಗಳಲ್ಲಿ ರಕ್ತ ಕಾಣಿಸಿಕೊಂಡಿತು. ಹೆದರಿ ಅವನ ಹತ್ತಿರ ಓಡಿದೆ. ಬಾಯಿಂದ ಹೊರಟದ್ದು "ಕಾಗಿ ಮುಟ್ಟೈತ್ರಿ" ಅಷ್ಟೇ. ನನ್ನ ಹತ್ತಿರ ಇದ್ದದ್ದು ಅದೊಂದೇ ಮಾತು. ಪಾಪ, ಅವನಿಗೆ ಏನು ತಿಳಿಯಬೇಕು? "ಹೌದಾ? ಹಂಗಾರ ನೀ ಮಲಕೋ, ಭಾಂಡಿ ನಾ ತಿಕ್ಕತೇನಿ" ಅಂದ. ತಿಕ್ಕಿದ ಕೂಡ. ನಾನು ಒಳಗೆ ಹಲ್ಲು ಕಚ್ಚಿ ಹೊರಳಾಡುತ್ತಿದ್ದರೆ ಹಿತ್ತಲಲ್ಲಿ ಅವನು ಹಾಡು ಗುನುಗುತ್ತ ಪಾತ್ರೆ ತಿಕ್ಕುತ್ತಿದ್ದ. ಬಂದದ್ದು ಯಾರಿಗೂ ಗೊತ್ತಿರಲಿಲ್ಲ, ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲ.

ಈ ಸಲ ಸುಮ್ಮನಿರಬಾರದು ಅಂತ ಗಟ್ಟಿ ಮನಸ್ಸು ಮಾಡಿದೆ. "ಮಾವಾರ, ಕುದರೀಗಿ ಆರಾಮಿಲ್ಲರಿ, ಡಾಕ್ಟರನ ಕರಸ್ರಿ," ಅಂದೆ.

"ಯಾಕ, ಏನಾಗೈತಿ?"

"ಡಾಕ್ಟರ ಮುಂದ ಹೇಳತೇನ್ರಿ."

ಖಾನಾಪುರದ ದನದ ದವಾಖಾನೆಗೆ ಆಗಷ್ಟೇ ಹೊಸ ಡಾಕ್ಟರು ಬಂದಿದ್ದರು. ಮೈಸೂರು ಕಡೆಯ ಹುಡುಗ, ಇನ್ನೂ ಮದುವೆಯಾಗಿರಲಿಲ್ಲ. ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಸುಮ್ಮನೆ ನಗುತ್ತಿದ್ದರು. ಸೈಕಲ್ ನಿಲ್ಲಿಸಿ ಕೊಟ್ಟಿಗೆಗೆ ಬಂದವರೇ "ಏನಾಗಿದೆ ಹೇಳಿ ಅಮ್ಮ?" ಅಂದರು.

ನಾನು ತಲೆಯ ಮೇಲಿನ ಸೆರಗು ಎಳೆದುಕೊಂಡು ನಿಂತೆ. ಒಂದು ಬದಿಗೆ ಮಾವ, ಇನ್ನೊಂದು ಬದಿಗೆ ಪರಗಂಡಸು. ಬಾಲದ ಕಡೆ ಬೆರಳು ಮಾಡಿದ್ದರೂ ಸಾಕಿತ್ತು. ಅದೂ ಆಗಲಿಲ್ಲ.

"ಕಾಗಿ ಮುಟ್ಟೈತ್ರಿ," ಅಂದೆ.

ಮಾವನಿಗೆ ತಟ್ಟನೆ ತಿಳಿಯಿತು. ಮುಖ ಗೋಡೆಯ ಕಡೆ ತಿರುಗಿಸಿ, ಒಮ್ಮೆ ಕೆಮ್ಮಿ, "ನೀವ ನೋಡ್ರಿ ಸಾಹೇಬ್ರ" ಅಂತ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಮರ್ಯಾದಸ್ತ ಮನುಷ್ಯ, ಸೊಸೆಯ ಬಾಯಿಂದ ಅಂಥ ಮಾತು ಕೇಳಿ ಇನ್ನೇನು ಮಾಡಿಯಾರು? ಡಾಕ್ಟರಿಗೂ ತಿಳಿಯಿತು, ಆದರೆ ಅವರ ಕನ್ನಡದಲ್ಲಿ. ಕುದುರೆಯ ಬೆನ್ನಿನ ಮೇಲೆ ಕೈಯಾಡಿಸುತ್ತ ಹೋದರು. ಗಂಟು ಹೇರಿ ಹೇರಿ ಹೆಗಲ ಹತ್ತಿರ ಒಂದು ಸಣ್ಣ ಹುಣ್ಣಾಗಿತ್ತು.

"ಇಲ್ಲಿ ನೋಡಿ, ಕುಕ್ಕಿಬಿಟ್ಟಿದೆ! ಈ ಕಾಗೆಗಳು ಹಾಗೇನೇ, ಗಾಯ ಕಂಡರೆ ಬಿಡಲ್ಲ," ಅಂದರು. ನೇರಳೆ ಬಣ್ಣದ ಔಷಧ ತೆಗೆದು ಧಾರಾಳವಾಗಿ ಬಳಿದರು. ಮೇಲೊಂದು ಗೋಣಿತಾಟು ಹೊದಿಸಿ ಅಂದರು.

"ಅಲ್ಲಲ್ಲರಿ" ಅನ್ನುವ ಒಂದು ಮಾತು ಗಂಟಲ ತನಕ ಬಂದು ನಿಂತಿತು. ಓಣಿಯ ನಳದ ಜಗಳದಲ್ಲಿ ಎಂಥೆಂಥವರ ಬಾಯಿ ಮುಚ್ಚಿಸುವವಳು ನಾನು! ಆ ನಾನು, ಒಬ್ಬ ಮೀಸೆ ಚಿಗುರಿದ ಹುಡುಗನ ಮುಂದೆ ಕುದುರೆಯ ಬಾಲ ಎತ್ತಿ ತೋರಿಸಲಾರದೆ, "ಹೂಂನ್ರಿ" ಅಂದೆ. ಚಿಗವ್ವನ ಸೆರಗು ತಡಕಿದ ನನ್ನಂತೆಯೇ ಆ ಹುಡುಗ ಕಾಗೆಯನ್ನು ಹುಡುಕಿದ್ದ, ಅವನನ್ನು ಬೈಯಲು ನನಗೆ ಬಾಯಿಯೂ ಇರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಹೋಗುವಾಗ ಡಾಕ್ಟರು ಕಟ್ಟೆಯ ಮೇಲಿದ್ದ ಮಾವನಿಗೆ "ಇನ್ನು ಕಾಗೆ ಮುಟ್ಟದ ಹಾಗೆ ನೋಡ್ಕೊಳ್ಳಿ ಯಜಮಾನರೆ" ಅಂದು ಹೋದರಂತೆ. ಮಾವ ಒಳಗೆ ಬಂದು ಹೊಗಳಿದ್ದೇ ಹೊಗಳಿದ್ದು. "ಭಾಳ ಸಭ್ಯ ಹುಡುಗ ನೋಡವಾ. ಡಾಕ್ಟರ ಆದ್ರೂ ನನ್ನ ಮುಂದ ಆ ಮಾತ ಆಡಲಿಲ್ಲ, ಅವನೂ ಕಾಗಿ ಅಂತನ ಅಂದಾ." ಕೈಗೆ ಹತ್ತಿದ ಬೆನ್ನ ಮೇಲಿನ ಔಷಧ ಮೂಸಿ, "ಹೊಸಾ ಔಷಧ ಇರಬೇಕ, ಬೆನ್ನಿಂದ ಒಳಗ ಇಳೀತೈತಿ" ಅಂತ ತಾವೇ ಸಮಾಧಾನ ಮಾಡಿಕೊಂಡರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ದಿನಾ ಬಾಲ ತೊಳೆಯುತ್ತಿದ್ದೆ, ದಿನಾ ಕಲೆ ಇರುತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಗಂಡ ಮನೆಗೆ ಬಂದ ದಿನ "ಕುದರಿ ಹ್ಯಾಂಗೈತಿ?" ಅಂತ ಕೇಳಿದರೆ, ಮಾವ "ಡಾಕ್ಟರ ನೋಡ್ಯಾನ, ಔಷಧ ನಡದೈತಿ" ಅಂದುಬಿಡುತ್ತಿದ್ದರು. ಅಲ್ಲಿಗೆ ನನ್ನ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಒಂದು ದಿನ ಮಾವ ಕುದುರೆಯ ಮೈ ತಡವುತ್ತ ಕೂತವರು, "ತಂಗೀ!" ಅಂತ ಕೂಗಿದರು. ಓಡಿಹೋಗಿ ನೋಡಿದರೆ ಕೆಚ್ಚಲಿನ ಹತ್ತಿರ ಅವರ ಬೆರಳು ಹಾಲಿನಿಂದ ತೊಯ್ದಿತ್ತು. ಹೆರಲು ಇನ್ನೂ ಎಷ್ಟೋ ವಾರ ಬಾಕಿ. ಈ ಸಲ ನನ್ನ ದಾರಿ ಕಾಯದೆ ಅವರೇ ಗೋಡೆ ಹಿಡಿದುಕೊಂಡು ದವಾಖಾನೆಯ ತನಕ ನಡೆದುಹೋಗಿ ಡಾಕ್ಟರನ್ನು ಕರೆತಂದರು.

ಡಾಕ್ಟರ ಮುಖದ ನಗು ಹಾರಿಹೋಯಿತು. "ಇಷ್ಟು ಬೇಗ ಹಾಲು ಇಳಿಯಬಾರದು. ಒಳಗೆ ಮರಿ ಬದುಕಿದೆಯೋ ಇಲ್ಲವೋ ಮೊದಲು ನೋಡಬೇಕು," ಅಂದರು. ನೋಡುವುದು ಹೇಗೆ? ಬೆಳಗಾವಿಯಲ್ಲಿ ಅವರಿಗೆ ಪರಿಚಯದ ಒಬ್ಬರು ಹೆಣ್ಣು ಡಾಕ್ಟರು, ನಮ್ಮ ಮಾತಿನಲ್ಲಿ ಡಾಕ್ಟರಬಾಯಿ, ಇದ್ದರು. ಅವರ ಹೆರಿಗೆ ಆಸ್ಪತ್ರೆಗೆ ಹೊಟ್ಟೆಯೊಳಗಿನ ಕೂಸನ್ನು ತೋರಿಸುವ ಸ್ಕ್ಯಾನಿಂಗ್ ಮಶೀನು ಹೊಸದಾಗಿ ಬಂದಿತ್ತು. ಫೋನು ಮಾಡಿ ಕೇಳಿದರೆ ಆ ಬಾಯಿ ನಕ್ಕು, "ಕರಕೊಂಡ ಬಾ, ನಾನೂ ಒಂದ ಕುದರಿ ಹೊಟ್ಟಿ ನೋಡಿಧಂಗ ಆತು" ಅಂದರಂತೆ.

ಗಂಡ ಗುರುತಿನವರ ಟ್ರಕ್ಕು ಗೊತ್ತು ಮಾಡಿಕೊಟ್ಟ. ಹುಲ್ಲು ಹಾಸಿ ಕುದುರೆಯನ್ನು ಹತ್ತಿಸಿ, ಮಾವ, ಡಾಕ್ಟರು, ನಾನು ಹಿಂದೆಯೇ ನಿಂತುಕೊಂಡು ಹೊರಟೆವು. ಆಸ್ಪತ್ರೆ ಇದ್ದದ್ದು ಶಹಾಪುರದಲ್ಲಿ, ನನ್ನ ತವರಿನ ಓಣಿಗೆ ಕೂಗಿದರೆ ಕೇಳುವಷ್ಟು ಹತ್ತಿರ. ಟ್ರಕ್ಕಿನಿಂದ ಕುದುರೆ ಇಳಿಸುವ ಹೊತ್ತಿಗೆ ಮಗ್ಗ ಬಿಟ್ಟು ಬಂದವರು, ನೂಲಿನ ಲಡಿ ಹೆಗಲ ಮೇಲಿದ್ದವರು, ಎಲ್ಲರೂ ಗೇಟಿನ ಹತ್ತಿರ ಸೇರಿದ್ದರು. "ಇಕಿ ನಮ್ಮ ಓಣಿ ಹುಡಿಗಿ ಅಲ್ಲನ? ಕುದರಿ ಬಾಣಂತನಾ ತವರಮನ್ಯಾಗ ಮಾಡಸ್ತಾಳೇನ?" ಅಂತ ಯಾರೋ ಅಂದರು. ನಾನು ಕುದುರೆಯ ಮರೆಗೆ ನಿಂತೆ.

ಮಶೀನನ್ನು ಒಳಗಿನ ಕೋಣೆಯ ಕಿಟಕಿಗೆ ಹಚ್ಚಿ ಇಟ್ಟು, ಅದರ ವಾಯರನ್ನು ಹೊರಗೆ ಎಳೆದಿದ್ದರು. ಕುದುರೆಯನ್ನು ಕಿಟಕಿಯ ಗೋಡೆಗೆ ಒತ್ತಿ ನಿಲ್ಲಿಸಿದೆವು. ನಮ್ಮ ಡಾಕ್ಟರು ಮೊಣಕಾಲೂರಿ ಕೂತು ಹೊಟ್ಟೆಯ ಅಡಿಯ ಕೂದಲು ಬೋಳಿಸಿ, ಜಿಗುಟು ಔಷಧ ಸವರಿ, ಮಶೀನಿನ ಹಿಡಿಯನ್ನು ಒತ್ತಿ ಹಿಡಿದರು. ಡಾಕ್ಟರಬಾಯಿ ಒಳಗೆ ನಿಂತು ಪರದೆ ನೋಡುತ್ತ, "ಇನ್ನಷ್ಟ ಮುಂದ, ಹಾಂ, ಎಡಕ್ಕ" ಅನ್ನುತ್ತಿದ್ದರು. ವರಾಂಡದ ತುಂಬ ದಿನ ತುಂಬಿದ ಹೆಂಗಸರು, ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದರು.

ಮಾವ ಹಗ್ಗ ಹಿಡಿದು ಕುದುರೆಯ ತಲೆಯ ಹತ್ತಿರ ನಿಂತಿದ್ದರು. "ಏನ ಕಾಣತೈತಿ ತಂಗಿ?" ಅಂದರು.

ನಾನು ಕಿಟಕಿಯಲ್ಲಿ ಇಣುಕಿದೆ. ಬೂದಿ ಚೆಲ್ಲಿದ ಹಾಗೆ ಏನೇನೋ ಇತ್ತು. ಡಾಕ್ಟರಬಾಯಿ ಬೆರಳಿಟ್ಟು ತೋರಿಸಿದ ಕಡೆ ಏನೋ ಒಂದು ಪಟಪಟ ಅನ್ನುತ್ತಿತ್ತು.

"ಎದಿ ಬಡಕೊಳ್ಳಾಕತ್ತೈತ್ರಿ ಮಾವಾರ. ಜೀವಂತ ಐತ್ರಿ!"

ಮಾವ ಕುದುರೆಯ ಕುತ್ತಿಗೆಗೆ ಹಣೆ ಹಚ್ಚಿ ನಿಂತುಬಿಟ್ಟರು. ಆದರೆ ಡಾಕ್ಟರಬಾಯಿಯ ಮುಖ ಅರಳಲಿಲ್ಲ. ಪರದೆಯನ್ನು ಮತ್ತೆ ಮತ್ತೆ ನೋಡಿದರು. ನಮ್ಮ ಡಾಕ್ಟರೂ ಎದ್ದು ಬಂದು ನೋಡಿದರು. ಗರ್ಭದ ಮಾಸು ಒಂದು ಕಡೆ ಬಾತುಕೊಂಡ ಹಾಗೆ ದಪ್ಪಗಾಗಿದೆ, ಮರಿಯ ಸುತ್ತಲಿನ ನೀರು ಕದಡಿದೆ, ಸೋಂಕು ತಗುಲಿದ ಹಾಗಿದೆ ಅಂತ ಇಬ್ಬರೂ ಮಾತಾಡಿಕೊಂಡರು. ಆಮೇಲೆ ನಮ್ಮ ಡಾಕ್ಟರು ನನ್ನ ಕಡೆ ತಿರುಗಿ, ಸ್ವಲ್ಪ ಸಿಟ್ಟಿನಿಂದಲೇ, "ಇಷ್ಟಾಗಿದೆ ಅಂದ್ರೆ ಹಿಂದಿನಿಂದ ಏನಾದ್ರೂ ಹೋಗ್ತಾ ಇರ್ಬೇಕಲ್ಲಮ್ಮ? ನೀವು ಹೇಳಲೇ ಇಲ್ಲವಲ್ಲ!" ಅಂದರು.

"ಹೇಳಿದ್ದೆನ್ರಿ," ಅಂದೆ.

"ಯಾವಾಗ?"

"ನೀವ ಮೊದಲನೇ ಸಲ ಬಂದಾಗ. ಕಾಗಿ ಮುಟ್ಟೈತಿ ಅಂದಿದ್ದೆನಲ್ಲರಿ."

ಡಾಕ್ಟರಬಾಯಿಗೆ ಮೊದಲು ತಿಳಿಯಿತು. ಕುದುರೆಯ ಬೆನ್ನ ಮೇಲಿನ ನೇರಳೆ ಬಣ್ಣ ನೋಡಿದರು, ಆ ಹುಡುಗನ ಮುಖ ನೋಡಿದರು, ಕಿಟಕಿಯ ಸರಳು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ವರಾಂಡದ ಹೆಂಗಸರಿಗೆ ತಿಳಿಯಲು ಎಷ್ಟು ಹೊತ್ತು? "ಅಯ್ಯ ನಮ್ಮವ್ವಾ, ಬೆನ್ನಿಗಿ ಹಚ್ಚ್ಯಾನಂತ!" ಅಂತ ಒಬ್ಬಳು ಹೊಟ್ಟೆ ಒತ್ತಿ ಹಿಡಿದು ಕೆಳಗೆ ಕೂತೇ ಬಿಟ್ಟಳು. ಗೇಟಿನ ತನಕ ನಗೆ ಹರಿಯಿತು. ಡಾಕ್ಟರ ಹುಡುಗ ಕಿವಿಯ ತನಕ ಕೆಂಪಾಗಿ, ಕೈಯಲ್ಲಿದ್ದ ಅರಿ‍ವೆಯಿಂದ ಬೆನ್ನ ಮೇಲಿನ ಬಣ್ಣ ಒರೆಸತೊಡಗಿದ. ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಹುಟ್ಟಿದ ಓಣಿಯಲ್ಲಿ, ಮಾವನ ಎದುರಿಗೆ, ನನ್ನ ನಾಚಿಕೆ ಎಲ್ಲರ ಮುಂದೆ ಬಿಚ್ಚಿ ಬಿದ್ದಿತ್ತು.

ಮಾವ ಒಬ್ಬರೇ ನಗಲಿಲ್ಲ.

ಡಾಕ್ಟರಬಾಯಿ ಕಣ್ಣೊರೆಸಿಕೊಂಡು ಹೊರಗೆ ಬಂದರು. "ನಗಾಕತ್ತೇನಿ ಖರೆ, ಇದು ನಗೂವಂಥಾ ಮಾತಲ್ಲ. ಇಲ್ಲಿ ನೋಡ, ಏನ ಹೋಗಾಕತ್ತೈತಿ, ಯಾವಾಗಿಂದ, ಯಾವ ಬಣ್ಣ, ಎಲ್ಲಾ ಬಾಯಿಬಿಟ್ಟ ಹೇಳ. ಕಾಗಿ ಗೀಗಿ ಅಂದ್ರ ನಾ ಒಪ್ಪೂದಿಲ್ಲ."

ಹೇಳಿದೆ. ರಕ್ತ ಅಂದೆ, ಕೀವು ಅಂದೆ, ಎಲ್ಲಿಂದ ಅಂತಲೂ ಹೇಳಿದೆ. ಒಂದೊಂದು ಮಾತಿಗೂ ಮೈ ಹಿಡಿಯಾಗುತ್ತಿತ್ತು. ಈ ಸಲ ಮಾವ ಮುಖ ತಿರುಗಿಸಿ ಹೊರಟು ಹೋಗಲಿಲ್ಲ. ಹಗ್ಗ ಹಿಡಿದು ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಸೂಜಿ, ಔಷಧ ಎಲ್ಲ ಅಲ್ಲಿಯೇ ಶುರುವಾಯಿತು. "ಅವತ್ತೇ ಶುರು ಮಾಡಿದ್ದರೆ..." ಅಂತ ನಮ್ಮ ಡಾಕ್ಟರು ಏನೋ ಹೇಳಹೊರಟು ನಿಲ್ಲಿಸಿಬಿಟ್ಟರು. ಮರಿ ಉಳಿಯುತ್ತದೆ ಅಂತ ಯಾರೂ ಮಾತು ಕೊಡಲಿಲ್ಲ.

ತಿರುಗಿ ಬರುವಾಗ ಡಾಕ್ಟರು ಟ್ರಕ್ಕಿನ ಮುಂದೆ ಡ್ರೈವರನ ಪಕ್ಕ ಕೂತರು. ಹಿಂದೆ ನಾನು, ಮಾವ, ಕುದುರೆ. ಊರು ದಾಟಿದ ಮೇಲೆ ಮಾವ ನನ್ನ ಕಡೆ ನೋಡದೆ ಅಂದರು: "ನೀ ಅಂದದ್ದ ನನಗ ಅವತ್ತ ತಿಳದಿತ್ತ ತಂಗಿ. ತಿಳದನ ಹೊರಗ ಹೋಗಿದ್ದೆ."

ಕುದುರೆಯ ಕುತ್ತಿಗೆ ತಡವುತ್ತ ಅವರೇ ಮುಂದುವರಿಸಿದರು.

"ಹಿಂದೊಮ್ಮೆ ನೀ ಹಾಸಗಿ ಹಿಡದಿದ್ದಿ. ನನ್ನ ಮಗಾ ಭಾಂಡಿ ತಿಕ್ಕಿದ್ದಾ. ಯಾಕೋ ಅಂತ ಕೇಳಿದ್ರ, ಆಕಿಗಿ ಕಾಗಿ ಮುಟ್ಟೈತಿ ಅಂದಿದ್ದಾ. ಅದೂ ಇಂಥಾದ ಕಾಗಿ ಏನು?"

ಟ್ರಕ್ಕಿನ ಸದ್ದಿನಲ್ಲಿ ಕೇಳಿಸದ ಹಾಗೆ ಇರಬಹುದಿತ್ತು. ಆದರೆ ಅವತ್ತು ನನ್ನ ಹತ್ತಿರ ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. "ಹೂಂನ್ರಿ," ಅಂದೆ. "ಮೂರ ತಿಂಗಳಾಗಿತ್ರಿ."

ಮಾವ ಅಂಗಿಯೊಳಗೆ ಕೈ ಹಾಕಿ ಎದೆಯ ಮೇಲಿನ ಲಿಂಗ ಹಿಡಿದುಕೊಂಡರು. "ನಮಗ ಸೂತಕಾ ಇಲ್ಲ ಅಂತ ಇದನ್ನ ಕಟ್ಟಿಕೊಂಡು ಅಡ್ಡಾಡತೇವಿ. ಸೂತಕಾ ಎಲ್ಲಾ ತಂದು ನಾಲಿಗಿ ಮ್ಯಾಲ ಇಟಗೊಂಡೇವಿ ನೋಡವಾ. ಎಂಥಾ ಮಂದಿ ನಾವು!" ಅವರ ಪೊರೆ ಬಂದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಾನು ಹುಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಹೋದ ಕೂಸಿಗಾಗಿ ಮೊದಲ ಸಲ ಸದ್ದು ಮಾಡಿ ಅತ್ತೆ.

ಕುದುರೆ ದಿನ ತುಂಬುವ ಮೊದಲೇ ಹೆತ್ತಿತು. ಹೆಣ್ಣು ಮರಿ, ಕಡ್ಡಿಯಂಥ ಕಾಲು, ಮುಂದಿನ ಒಂದು ಕಾಲು ಒಳಗೆ ತಿರುಚಿಕೊಂಡಿತ್ತು. ಎದ್ದು ನಿಲ್ಲಲು ಎರಡು ದಿನ ತೆಗೆದುಕೊಂಡಿತು. ಗಂಟು ಹೊರುವ ಕುದುರೆ ಅದು ಕಡೆಗೂ ಆಗಲಿಲ್ಲ, ಆದರೆ ತಾಯಿಯ ಪಕ್ಕ ಕುಂಟುತ್ತ ನಡೆದು ಗುಂಜಿಯ ದಾರಿ ಕಲಿಯಿತು. ಆ ತಿರುಚಿದ ಕಾಲು ಕಂಡಾಗಲೆಲ್ಲ ನನಗೆ ಮೋರೆ ಎತ್ತಲು ಆಗುತ್ತಿರಲಿಲ್ಲ.

ಮುಂದಿನ ವರ್ಷ ನಾನು ಮತ್ತೆ ಬಸುರಾದೆ. ಈ ಸಲ ಗಂಡನಿಗೂ ಮಾವನಿಗೂ ಅದೇ ದಿನ ಹೇಳಿದೆ. ಗಂಡನಿಗೆ ರಜೆ ಸಿಗಲಿಲ್ಲ. ಮಾವ ಕೋಲು ಹಿಡಿದು, ಕೈ ನನ್ನ ಹೆಗಲ ಮೇಲಿಟ್ಟು, ಬಸ್ಸಿನಲ್ಲಿ ಅದೇ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೆಂಚಿನ ತುಂಬ ಹೆಂಗಸರು, ಅವರನ್ನು ಕರೆತಂದ ಗಂಡಸರು ಗೋಡೆಗೆ ಒರಗಿ ನಿಂತಿದ್ದರು. ಡಾಕ್ಟರಬಾಯಿ ಬಾಗಿಲಲ್ಲೇ ನಿಂತು, "ಏನವಾ, ಈ ಸಲ ನಿಂದನ? ಹಿಂದ ಏನರ ತ್ರಾಸ ಆಗಿತ್ತೇನ?" ಅಂತ ಕೇಳಿದರು.

ನಾನು ಅಷ್ಟೂ ಮಂದಿಯನ್ನು ನೋಡಿದೆ. ನನ್ನ ಕೆಟ್ಟ ನಾಲಿಗೆ ಮತ್ತೆ ಹಳೆಯ ದಾರಿ ಹಿಡಿಯಿತು. "ಹಿಂದೊಮ್ಮೆ... ಕಾಗಿ..." ಅಂದೆ.

ಮಾವ ಕೋಲನ್ನು ನೆಲಕ್ಕೆ ಕುಟ್ಟಿದರು. "ಕಾಗಿ ಅಲ್ಲರಿ ಬಾಯಾರ!" ಇಡೀ ವರಾಂಡಕ್ಕೆ ಕೇಳುವ ಹಾಗೆ ಅಂದರು. "ನಮ್ಮ ಸೊಸಿದು ಹಿಂದ ಒಂದ ಕೂಸ ಹೋಗೈತಿ. ಮೂರನೇ ತಿಂಗಳದಾಗ ರಕ್ತಾ ಹೋಗಿ ಬಿತ್ತು. ಮನ್ಯಾಗ ಇಬ್ಬರ ಗಂಡಸರ ಇದ್ದವಿ, ಇಬ್ಬರಿಗೂ ತಿಳೀಲಿಲ್ಲ. ಬರಕೋರಿ."

ಯಾರೂ ನಗಲಿಲ್ಲ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋಗಿ, ಆ ಕಿಟಕಿಯ ಹತ್ತಿರದ ಮಂಚದ ಮೇಲೆ ಮಲಗಿದೆ.